ಪಿನ್ಹಾಸನ ಒಳಗಿನ ಹುಳಿ

ಯಹೂದಿಗಳ ಪೆಸಾಹ್ ಹಬ್ಬ ಇನ್ನೂ ಒಂದು ತಿಂಗಳು ಆಚೆಗಿರುವಾಗಲೇ ಪಿನ್ಹಾಸನ ಬೆನ್ನು ನೋಯಲು ಶುರುವಾಗುತ್ತಿತ್ತು. ಇದು ವರ್ಷವರ್ಷವೂ ತಪ್ಪದೆ ಬರುವ ನೋವು. ಹೆಂಡತಿ ಬದ್ರಾ ಗೋಡೆಯ ಕ್ಯಾಲೆಂಡರನ್ನು ನೋಡಿದವಳೇ ಅಲ್ಲ. ಗಂಡ ಕುರ್ಚಿಯಿಂದ ಏಳುತ್ತ ಸೊಂಟದ ಮೇಲೆ ಕೈಯಿಟ್ಟು "ಉಸ್ಸಪ್ಪಾ" ಅಂದನೆಂದರೆ, ಹಾಸಿಗೆಗಳನ್ನು ಬಿಸಿಲಿಗೆ ಎಳೆಯುವ ಕಾಲ ಬಂತು ಎಂದು ತಿಳಿದುಕೊಳ್ಳುತ್ತಿದ್ದಳು.

ಹಬ್ಬದ ಏಳು ದಿನ ಮನೆಯಲ್ಲಿ ಹುಳಿ ಹಿಡಿದ ಹಿಟ್ಟಿನ ಒಂದು ತುಣುಕೂ ಇರಕೂಡದು. ರೊಟ್ಟಿಯ ಪುಡಿ ಎಲ್ಲೆಲ್ಲಿ ಹೋಗಿ ಅವಿತುಕೊಳ್ಳುತ್ತದೆ ಎಂಬುದು ಬದ್ರಾಳಿಗೆ ಬಾಯಿಪಾಠವಾಗಿತ್ತು. ಕಪಾಟಿನ ಹಿಂದೆ, ಹಾಸಿಗೆಯ ಹೊಲಿಗೆಯಲ್ಲಿ, ಕೋಟಿನ ಜೇಬಿನ ಮೂಲೆಯಲ್ಲಿ, ಪ್ರಾರ್ಥನೆಯ ಪುಸ್ತಕದ ಹಾಳೆಗಳ ನಡುವೆ. ಹುಡುಕುವ ಕೆಲಸ ಅವಳದು, ಹೊರುವ ಕೆಲಸ ಅವನದು. ಕಪಾಟು ಎತ್ತು, ಹಾಸಿಗೆ ಹೊರು, ಕಂಬಳಿ ಕೊಡವು, ಮತ್ತೆ ಕಪಾಟು ಎತ್ತು. (ಅದೇ ಕಪಾಟನ್ನು ಎರಡು ಸಲ ಯಾಕೆ ಎತ್ತಬೇಕು ಎಂದು ಅವನು ಒಂದು ವರ್ಷ ಕೇಳಿದ್ದ. ಆ ವರ್ಷ ಮೂರು ಸಲ ಎತ್ತಿದ.)

ಈ ವರ್ಷ ಅವನಿಗೆ ಬೆನ್ನಿಗಿಂತ ಗಟ್ಟಿಯಾದ ಕಾರಣವೊಂದು ಸಿಕ್ಕಿತು. ವಾರದ ವಿಶ್ರಾಂತಿಯಾದ ಸಬ್ಬತ್ತಿನ ದಿನ ಪ್ರಾರ್ಥನಾ ಮಂದಿರದಲ್ಲಿ ಗುರುಗಳು ಹೇಳಿದರು: "ಧೂಳು ಹುಳಿಯಲ್ಲ. ಹಿಟ್ಟನ್ನು ಉಬ್ಬಿಸುವುದು ಹುಳಿ, ಮನುಷ್ಯನನ್ನು ಉಬ್ಬಿಸುವುದು ಗರ್ವ. ಈ ಹಬ್ಬಕ್ಕೆ ಮೊದಲು ಅದನ್ನು ಹುಡುಕಿ ಸುಡಿ." ಪಿನ್ಹಾಸನಿಗೆ ಬೆನ್ನಿನ ಮೇಲಿಂದ ಯಾರೋ ಕಪಾಟನ್ನೇ ಇಳಿಸಿದ ಹಾಗಾಯಿತು.

ಮನೆಗೆ ಬಂದವನೇ ಘೋಷಣೆ ಮಾಡಿದ. "ಬದ್ರಾ, ಈ ವರ್ಷ ನಾನು ಒಳಗಿನ ಸ್ವಚ್ಛತೆ ಮಾಡ್ತೀನಿ."

"ಒಳ್ಳೇದಾಯ್ತು. ಅಡುಗೆಮನೆಯಿಂದ ಶುರು ಮಾಡಿ."

"ಆ ಒಳಗಲ್ಲ. ಆತ್ಮದ ಒಳಗು. ಅಂತರಂಗ."

ಬದ್ರಾ ಮೇಜಿಗೆ ತಟ್ಟೆ ಇಡುತ್ತಿದ್ದವಳು ತಲೆಯೆತ್ತಿ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. "ಅಂತರಂಗ ತೊಳೆಯೋಕೆ ಎಷ್ಟು ದಿನ ಬೇಕು?"

"ಹಬ್ಬದ ತನಕ ಬೇಕೇ ಬೇಕು."

"ಹಾಗಾದ್ರೆ ಹಾಸಿಗೆ?"

"ಹಾಸಿಗೆ ನಶ್ವರ, ಬದ್ರಾ."

ಪಿನ್ಹಾಸ ತನ್ನೂರು ರೋಶ್ ಹಾಅಯಿನ್‌ನಿಂದ ತೆಲ್ ಅವೀವ್‌ಗೆ ಬಸ್ಸು ಓಡಿಸಿ ನಿವೃತ್ತನಾದವನು. ಅಷ್ಟು ವರ್ಷ ಅವನ ಮಾತು ಕೇಳಿದವರೆಲ್ಲ ಎರಡು ನಿಲ್ದಾಣಗಳ ನಡುವೆ ಸಿಕ್ಕಿಬಿದ್ದವರು, ಎದ್ದು ಹೋಗಲಾರದವರು. ಆ ಅಭ್ಯಾಸದಿಂದ ಅವನಿಗೆ, ಕೇಳುವವರು ಕೂತಿದ್ದಾರೆ ಎಂದರೆ ಕೇಳಲು ಇಷ್ಟಪಟ್ಟೇ ಕೂತಿದ್ದಾರೆ ಎಂಬ ನಂಬಿಕೆ ಬೇರೂರಿತ್ತು. ಮಾತು ಶುರು ಮಾಡಿದರೆ ಅದಕ್ಕೆ ಕೊನೆಯ ನಿಲ್ದಾಣ ಎಂಬುದಿರಲಿಲ್ಲ.

ಅಂತರಂಗ ಶುದ್ಧಿಗೆ ಅವನು ಹಿಡಿದ ದಾರಿ, ಜನರ ಬಳಿ ಕ್ಷಮೆ ಕೇಳುವುದು. ಮೊದಲು ತರಕಾರಿ ಅಂಗಡಿಯವನ ಬಳಿ ಹೋದ. ಹಿಂದೆ ಯಾವಾಗಲೋ ಅವನ ಟೊಮೇಟೊಗಳನ್ನು ಕೊಳ್ಳದೆ ಬರಿದೇ ಒತ್ತಿ ಒತ್ತಿ ನೋಡಿದ್ದಕ್ಕೆ ಕ್ಷಮೆ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಗಿರಾಕಿಗಳ ಸಾಲು ಬೀದಿಗೆ ಬಂದಿತ್ತು. ಆಮೇಲೆ ಕ್ಷೌರಿಕನ ಬಳಿ ಹೋದ. ಅವನು ಅರ್ಧ ಗಡ್ಡ ತೆಗೆದಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ಕೈಮುಗಿದು, "ಕ್ಷಮಿಸಿದೆ ಮಾರಾಯ, ಏನು ಮಾಡಿದ್ರೂ ಕ್ಷಮಿಸಿದೆ, ಇನ್ನು ಮಾಡೋದನ್ನೂ ಕ್ಷಮಿಸಿದೆ" ಅಂದ. ಹಿಂದೊಮ್ಮೆ ಮಳೆಯಲ್ಲಿ ನಿಲ್ದಾಣದಲ್ಲಿ ನಿಂತು ಕೈಬೀಸುತ್ತಿದ್ದ ಹೆಂಗಸೊಬ್ಬಳನ್ನು ಬಿಟ್ಟು ಬಸ್ಸು ಓಡಿಸಿದ್ದನಂತೆ; ಅವಳನ್ನು ಹುಡುಕಿಕೊಂಡು ಪಕ್ಕದ ಊರಿಗೂ ಹೋಗಿ ಬಂದ. ಪಿನ್ಹಾಸ ಬರುವುದು ಕಂಡರೆ ಜನ ರಸ್ತೆ ದಾಟತೊಡಗಿದರು. ಅವನ ಮನಸ್ಸು ಹೀಗೆ ದಿನದಿಂದ ದಿನಕ್ಕೆ ಬೆಳ್ಳಗಾಗುತ್ತ ಹೋಯಿತು. ಹಾಸಿಗೆಗಳನ್ನು ಬದ್ರಾ ಒಬ್ಬಳೇ ಎಳೆದಳು.

ಊರಿಗೆಲ್ಲ ಕ್ಷಮೆ ಹಂಚಿದವನು ಬೇಲಿಯಾಚೆಗಿನ ಒಂದು ಮನೆಯನ್ನು ಮಾತ್ರ ಬಿಟ್ಟಿದ್ದ. ಅದು ಅವನ ಸ್ವಂತ ತಮ್ಮ ಓವಾದ್ಯಾನ ಮನೆ.

ನಡೆದದ್ದು ಇಷ್ಟೇ. ಹೋದ ವರ್ಷದ ಹಬ್ಬದ ರಾತ್ರಿ ಎಂದಿನಂತೆ ಓವಾದ್ಯಾ, ಅವನ ಹೆಂಡತಿ ರೂಮಿಯಾ, ಮಗಳು ಯೋನಾ ಎಲ್ಲ ಅಣ್ಣನ ಮನೆಗೆ ಬಂದಿದ್ದರು. ಪಿನ್ಹಾಸ ಊಟಕ್ಕೆ ಮೊದಲು, ಹಿರಿಯರು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆ ಹೇಳತೊಡಗಿದ. ಹೇಳಿದ, ಹೇಳಿದ. ಯೋನಾ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಆಗ ಓವಾದ್ಯಾ, "ಅಣ್ಣಾ, ನಮ್ಮ ಹಿರಿಯರು ಈಜಿಪ್ಟಿನಿಂದ ಇದಕ್ಕಿಂತ ಬೇಗ ಹೊರಟುಬಂದ್ರು" ಅಂದ. ಎಲ್ಲರೂ ನಕ್ಕರು. ನಗಬಾರದೆಂದು ತುಟಿ ಕಚ್ಚಿ ಹಿಡಿದ ಬದ್ರಾಳೂ ನಕ್ಕಳು. ಪಿನ್ಹಾಸ ಪುಸ್ತಕ ಮುಚ್ಚಿದ. ಅಲ್ಲಿಂದ ಇಲ್ಲಿಯವರೆಗೆ ಅಣ್ಣ ತಮ್ಮನ ನಡುವೆ ಮಾತಿಲ್ಲ.

ಬದ್ರಾಳಿಗೆ ಮಕ್ಕಳಿಲ್ಲ. ಹಬ್ಬದ ರಾತ್ರಿ ಮೇಜಿನ ಮುಂದೆ ನಿಂತು, "ಈ ರಾತ್ರಿ ಬೇರೆ ರಾತ್ರಿಗಳ ಹಾಗೆ ಯಾಕಿಲ್ಲ" ಎಂದು ಕೇಳುವುದಕ್ಕೆ ಒಂದು ಮಗು ಬೇಕು. ಆ ಮನೆಯಲ್ಲಿ ಅದನ್ನು ಕೇಳುತ್ತಿದ್ದವಳು ಯೋನಾ. ಆ ಎಳೆಯ ದನಿಗಾಗಿ ಬದ್ರಾ ವರ್ಷವಿಡೀ ಕಾಯುತ್ತಿದ್ದಳು ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

"ಕ್ಷೌರಿಕನ ಹತ್ರ ಹೋದ್ರಿ," ಅಂದಳು ಬದ್ರಾ ಒಂದು ದಿನ, ಮೆಂತ್ಯ ನೆನೆಹಾಕುತ್ತ. "ಮುಖ ಕಂಡು ಗೊತ್ತಿಲ್ಲದ ಹೆಂಗಸಿನ ಹತ್ರ ಹೋದ್ರಿ. ಬೇಲಿ ದಾಟೋಕೆ ಏನಾಗಿದೆ?"

"ಅವನು ಚಿಕ್ಕವನು. ಅವನು ಬರಲಿ."

"ಅವನು ಬರೋದಿಲ್ಲ. ನಿಮ್ಮ ತಮ್ಮನೇ ಅಲ್ವಾ."

"ನೋಡು ಬದ್ರಾ, ಶಾಸ್ತ್ರ ಸ್ಪಷ್ಟವಾಗಿದೆ. ನಿನ್ನ ಹುಳಿ ನಿನ್ನ ಕಣ್ಣಿಗೆ ಬೀಳಬಾರದು. ಬೇರೆಯವರ ಹುಳಿ ಕಣ್ಣಿಗೆ ಬಿದ್ರೆ ದೋಷವಿಲ್ಲ. ಗರ್ವ ಇರೋದು ಅವನ ಮನೇಲಿ. ನಾನು ನೋಡಬಹುದು, ಸುಡಬೇಕಾಗಿಲ್ಲ."

"ಅದಕ್ಕೇ ದಿನವಿಡೀ ಕಿಟಕೀಲಿ ಕೂತು ನೋಡ್ತಿರ್ತೀರಿ."

ಪಿನ್ಹಾಸ ಕಿಟಕಿಯಿಂದ ಎದ್ದು ಬೇರೆ ಕುರ್ಚಿಗೆ ಹೋದ.

"ಈ ಸಲ ಮಕ್ಕಳಿಲ್ಲ, ಹಾಗಾಗಿ ಪ್ರಶ್ನೆ ನಾನೇ ಕೇಳ್ಬೇಕು," ಅಂದಳು ಬದ್ರಾ. "ಕೇಳ್ತೀನಿ. ಬೇರೆ ವರ್ಷ ಎಲ್ಲ ಈ ಮೇಜಿನ ಸುತ್ತ ಜನ ಇರ್ತಿದ್ರು, ಈ ವರ್ಷ ಯಾಕಿಲ್ಲ ಅಂತ ಕೇಳ್ತೀನಿ. ಉತ್ತರ ಹುಡುಕಿಟ್ಟುಕೊಳ್ಳಿ."

ಮಾತಿನಲ್ಲಿ ಸೋತಾಗ ಪಿನ್ಹಾಸ ಬೆನ್ನು ಹಿಡಿದುಕೊಳ್ಳುತ್ತಿದ್ದ, ಈಗಲೂ ಹಿಡಿದುಕೊಂಡ.

ಹಬ್ಬದ ಹಿಂದಿನ ಸಂಜೆ ಬದ್ರಾ ಹಿಟ್ಟು ನಾದಲು ನೀರು ಹಿಡಿದು, ತೆಳುಬಟ್ಟೆ ಮುಚ್ಚಿ, ರಾತ್ರಿಯೆಲ್ಲ ತಣ್ಣಗಿರಲು ಬಿಟ್ಟಳು. ಹಬ್ಬದ ರಾತ್ರಿ ತಿನ್ನಲೇಬೇಕಾದ ಹುಳಿಯಿಲ್ಲದ ರೊಟ್ಟಿಗೆಂದು, ಕೊಯ್ಲಿನ ದಿನದಿಂದ ಒಂದು ಹನಿ ನೀರೂ ತಾಗದಂತೆ ಕಾಪಾಡಿದ ಗೋಧಿಯ ಹಿಟ್ಟನ್ನು ಡಬ್ಬಿಯಿಂದ ಇಳಿಸಿದಳು. ಎಂದೂ ದೊಡ್ಡ ಡಬ್ಬಿ ತುಂಬಿರುತ್ತಿತ್ತು. ಈ ಸಲ ಇಬ್ಬರಿಗೆಷ್ಟು ಬೇಕೋ ಅಷ್ಟು, ಒಂದೇ ಸಲ ನಾದಲು ಸಾಲುವಷ್ಟು ತಂದಿದ್ದಳು. ಅಂಗಡಿಯ ಪೆಟ್ಟಿಗೆಯಲ್ಲಿ ಬರುವ ಗಟ್ಟಿ ರೊಟ್ಟಿಯನ್ನು ಪಿನ್ಹಾಸ ಮನೆಯೊಳಕ್ಕೇ ಬಿಡುತ್ತಿರಲಿಲ್ಲ. ಅದು ರೊಟ್ಟಿಯಲ್ಲ, ಹೆಂಚು ಎಂಬುದು ಅವನ ಮತ.

ಹಬ್ಬ ಶುರುವಾಗುವುದು ಹೊತ್ತು ಮುಳುಗಿದ ಮೇಲೆ; ಆ ದಿನ ಬೆಳಿಗ್ಗೆಯೇ ಉಳಿದ ಹುಳಿಯನ್ನೆಲ್ಲ ಅಂಗಳದಲ್ಲಿ ಸುಟ್ಟರು. ಕಣ್ಣಿಗೆ ಕಂಡ ಹುಳಿ, ಕಾಣದ ಹುಳಿ ಎಲ್ಲವೂ ನೆಲದ ಧೂಳಿಗೆ ಸಮ ಎಂದು ಪಿನ್ಹಾಸ ಗಂಭೀರವಾಗಿ ಹೇಳಿದ. ಮಧ್ಯಾಹ್ನ ಕಳೆದ ಮೇಲೆ ಬದ್ರಾ ಅಂಗಳದ ಮಣ್ಣಿನ ಒಲೆಗೆ ಸೌದೆ ಒಟ್ಟಿ, ಅದರ ಒಳಗೋಡೆ ಬೆಳ್ಳಗಾಗುವವರೆಗೆ ಕಾಯಿಸಿದಳು. ಪಕ್ಕದ ರೇಡಿಯೋದಲ್ಲಿ ಸುದ್ದಿ ಶುರುವಾಗುವ ಹೊತ್ತಿಗೆ ಹಿಟ್ಟಿಗೆ ನೀರು ಬಿತ್ತು.

ನೀರು ಬಿದ್ದ ಮೇಲೆ ಕೈ ನಿಲ್ಲಕೂಡದು. ಕೈ ಆಡುತ್ತಿರುವಷ್ಟು ಹೊತ್ತು ಹಿಟ್ಟು ಎಚ್ಚರವಾಗಿರುತ್ತದೆ. ಹದಿನೆಂಟು ನಿಮಿಷ ಸುಮ್ಮನೆ ಬಿಟ್ಟರೆ ಅದು ಹುಳಿ ಹಿಡಿದ ಹಿಟ್ಟೇ, ಮತ್ತೆ ಮಾತಿಲ್ಲ. ಇದು ಈ ಊರಿನ ಹೆಣ್ಣುಮಗುವಿಗೂ ಗೊತ್ತು, ಪಿನ್ಹಾಸನಿಗೂ ಗೊತ್ತು.

ಬದ್ರಾ ಮಂಡಿಯೂರಿ ನಾದುತ್ತಿದ್ದಳು. ಪಿನ್ಹಾಸ ನೀರಿನ ಪಾತ್ರೆ ಹಿಡಿದು ಎದುರಿಗೆ ಕೂತಿದ್ದ. ಅವಳ ಹಣೆಯ ಮೇಲಿನ ಬೆವರು, ತಲೆವಸ್ತ್ರದಿಂದ ಜಾರಿದ ಬಿಳಿ ಕೂದಲು, ಹಾಸಿಗೆ ಎಳೆದೆಳೆದು ಕೆಂಪಾದ ಬೆರಳ ಗಂಟುಗಳು, ಎಲ್ಲ ಒಂದೇ ಸಲಕ್ಕೆ ಅವನ ಕಣ್ಣಿಗೆ ಬಿದ್ದವು. ಅವನಿಗೆ ಏನೋ ಆಯಿತು.

"ಬದ್ರಾ," ಅಂದ. "ಊರಿಗೆಲ್ಲ ಕ್ಷಮೆ ಕೇಳಿದೆ. ನಿನ್ನ ಹತ್ರ ಕೇಳೇ ಇಲ್ಲ."

"ಆಮೇಲೆ ಕೇಳಿ. ಈಗ ಕೈಯಲ್ಲಿ ಹಿಟ್ಟಿದೆ."

"ಆಮೇಲೆ ಅಂದ್ರೆ ಹಬ್ಬ ಬಂದೇಬಿಡುತ್ತೆ." ಅವನು ಪಾತ್ರೆ ಕೆಳಗಿಟ್ಟು, ಅವಳ ಎರಡು ಕೈಗಳನ್ನೂ ಹಿಟ್ಟಿನ ಸಮೇತ ತನ್ನ ಕೈಯಲ್ಲಿ ಹಿಡಿದುಕೊಂಡ. ಅಂಗಳದ ನಡುವೆ, ಹಾಡುಹಗಲಲ್ಲಿ, ಮದುವೆಯಾದಂದಿನಿಂದ ಅವನು ಹೀಗೆ ಮಾಡಿದವನಲ್ಲ. ಬದ್ರಾ ಕೈ ಎಳೆದುಕೊಳ್ಳಬೇಕಿತ್ತು. ಎಳೆದುಕೊಳ್ಳಲಿಲ್ಲ.

"ಈ ದೇಶಕ್ಕೆ ವಲಸೆ ಬಂದ ಮೊದಲ ವರ್ಷ ಡೇರೆಯಲ್ಲಿದ್ದಾಗ ಮಳೆ ಸೋರ್ತಿತ್ತು. ನಾನು ಒಣಗಿದ್ದ ಕಡೆ ಮಲಗಿದೆ, ನಿನ್ನನ್ನ ಒದ್ದೆ ಕಡೆ ಮಲಗಿಸಿದೆ."

"ನಿಮಗೆ ಅದು ಗೊತ್ತಿತ್ತಾ?"

"ಗೊತ್ತಿತ್ತು. ನಿದ್ದೆ ಬಂದವನ ಹಾಗೆ ಮಲಗಿದ್ದೆ. ನಿನ್ನಮ್ಮ ತೀರಿಕೊಂಡ ದಿನ ರಜೆ ಕೇಳದೆ ಬಸ್ಸಿಗೆ ಹೋದೆ. ನೀನು ಒಬ್ಬಳೇ ಅಳ್ತಾ ಇದ್ದೆ. ಅದು ನನ್ನ ಎದೇಲಿ ಇನ್ನೂ ಕೂತಿದೆ."

ಬದ್ರಾಳ ಕಣ್ಣು ತುಂಬಿತು. ಈ ಒಂದು ಮಾತನ್ನು ಅವಳು ಎಷ್ಟೋ ವರ್ಷದಿಂದ ಕೇಳಲು ಕಾದಿದ್ದಳು. ಕಾದು ಕಾದು, ಕಾಯುತ್ತಿದ್ದೇನೆ ಎಂಬುದನ್ನೇ ಮರೆತಿದ್ದಳು.

ಪಿನ್ಹಾಸ ಅಲ್ಲಿಗೆ ನಿಲ್ಲಿಸಿದ್ದರೆ ಹಬ್ಬ ಚೆನ್ನಾಗಿಯೇ ಆಗುತ್ತಿತ್ತು. ಆದರೆ ಆ ದಿನ ಬಸ್ಸಿಗೆ ಯಾಕೆ ಹೋಗಬೇಕಾಯಿತು ಎಂಬುದನ್ನು ಹೇಳಬೇಡವೇ? ಹೇಳಿದ. ಆ ದಿನ ಎಂಥ ಮಳೆ. ಅರ್ಧ ಚಾಲಕರು ಬರಲೇ ಇಲ್ಲ. ಸೇತುವೆಯ ಮೇಲೆ ನೀರು. ಬೇರೆ ಯಾರಾದರೂ ಆಗಿದ್ದರೆ ಬಸ್ಸು ಹಳ್ಳಕ್ಕೆ. ಅವನು ಹೇಗೆ ಸ್ಟೇರಿಂಗ್ ತಿರುಗಿಸಿದ, ಹಿಂದಿನ ಸೀಟಿನ ಮುದುಕಿ ಏನೆಂದು ಹರಸಿದಳು, ಡಿಪೋದಲ್ಲಿ ಸಾಹೇಬರು ಎಲ್ಲರೆದುರು ಬೆನ್ನು ತಟ್ಟಿ ಏನೆಂದರು. (ತಟ್ಟಿದ್ದು ಅದೇ ಬೆನ್ನು, ಈಗ ನೋಯುತ್ತದಲ್ಲ, ಅದು.) ಇತ್ತ ಪಿನ್ಹಾಸ ಉಬ್ಬುತ್ತಿದ್ದ. ಅತ್ತ ಯಾರ ಕೈಯೂ ತಾಗದೆ ಹಿಟ್ಟು ತನ್ನ ಪಾಡಿಗೆ ತಾನು ಬಿದ್ದುಕೊಂಡಿತ್ತು.

ರೇಡಿಯೋದಲ್ಲಿ ಸುದ್ದಿ ಮುಗಿದು, ಹಾಡುಗಳೂ ಮುಗಿದು, ಬೇರೆ ಯಾರೋ ಮಾತಾಡತೊಡಗಿದಾಗ ಬದ್ರಾ ಬೆಚ್ಚಿ ಕೆಳಗೆ ನೋಡಿದಳು. ಹಿಟ್ಟಿನ ಮೇಲೆ ಮಿಡತೆಯ ಮೀಸೆಯಂತಹ ಸಣ್ಣ ಸಣ್ಣ ಬಿರುಕುಗಳು ಮೂಡಿದ್ದವು, ಹುಳಿ ಹಿಡಿದ ಗುರುತು.

"ನೀನು ಹೇಳಬಾರದಿತ್ತಾ?" ಅಂದ ಪಿನ್ಹಾಸ, ಸಣ್ಣ ದನಿಯಲ್ಲಿ.

"ಇಷ್ಟು ವರ್ಷ ನಾನು ನಿಮ್ಮ ಮಾತು ಕಿವಿಗೇ ಹಾಕ್ಕೊಳಲ್ಲ ಅಂತ ಬಯ್ತಿದ್ರಿ," ಅಂದಳು ಬದ್ರಾ. "ಇವತ್ತು ಹಾಕ್ಕೊಂಡೆ."

ಅವಳು ಎದ್ದು ಹಿಟ್ಟನ್ನು ಹಿಡಿದು ಬೆಳಿಗ್ಗೆ ಹುಳಿ ಸುಟ್ಟ ಜಾಗದಲ್ಲೇ ಮತ್ತೆ ಬೆಂಕಿ ಹಾಕಿ ಸುಟ್ಟಳು. ಹುಳಿ ತಾಗಿ ಹರಿವಾಣ ಕೆಟ್ಟಿತು, ನಾದುವ ಹಲಗೆ ಕೆಟ್ಟಿತು. ಡಬ್ಬಿ ಖಾಲಿ. ಅಂಗಡಿಗಳು ಮುಚ್ಚಿದ್ದವು. ಇನ್ನು ಈ ರಾತ್ರಿ ಮೇಜಿನ ಮೇಲೆ ಎಲ್ಲವೂ ಇರುತ್ತದೆ, ರೊಟ್ಟಿಯೊಂದೇ ಇರುವುದಿಲ್ಲ. ಮದುವೆಮನೆಯಲ್ಲಿ ಮದುಮಗಳೊಬ್ಬಳೇ ಇಲ್ಲದ ಹಾಗೆ.

ಬೇಲಿಯಾಚೆಯಿಂದ ಹೊಗೆ ಏಳುತ್ತಿತ್ತು. ಓವಾದ್ಯಾನ ಮನೆಯ ಒಲೆ ಆಗಷ್ಟೇ ಕಾದಿತ್ತು.

ಬದ್ರಾ ಕೈ ತೊಳೆದು, ಲಂಗಕ್ಕೆ ಒರೆಸಿಕೊಳ್ಳುತ್ತ, ಆ ಹೊಗೆಯನ್ನು ನೋಡುತ್ತ ನಿಂತಳು. ಅವಳು ಬೈದಿದ್ದರೆ ಪಿನ್ಹಾಸ ವಾದಕ್ಕೆ ಇಳಿಯುತ್ತಿದ್ದ. ವಾದದಲ್ಲಿ ಹೊತ್ತು ಮುಳುಗುತ್ತಿತ್ತು. ಅವಳು ಸುಮ್ಮನಿದ್ದದ್ದರಿಂದ ಅವನಿಗೆ ಹೋಗದೆ ಗತಿಯಿರಲಿಲ್ಲ.

"ಕೋಟು ಕೊಡು," ಅಂದ.

"ಕೋಟು ಯಾಕೆ? ಬೇಲಿ ಹಾರಿದ್ರೆ ಅಲ್ಲೇ ಇದೆ."

"ಕ್ಷಮೆ ಕೇಳೋಕೆ ಹೋಗ್ತಿದ್ದೀನಿ. ಬೇಲಿ ಹಾರಿ ಹೋಗೋಕೆ ನಾನೇನು ಮೇಕೆಯಾ?"

ಕೋಟು ತೊಟ್ಟು, ಬೀದಿಯ ಬಾಗಿಲಿಂದ ಸುತ್ತಿ ಬಳಸಿ ಹೊರಟ. ನಡೆಯುತ್ತ ಭಾಷಣವನ್ನು ಜೋಡಿಸಿಕೊಂಡ. ಮೊದಲು ಸಹೋದರ ಪ್ರೇಮದ ಮಹಿಮೆ. ಆಮೇಲೆ ತನ್ನ ತಪ್ಪು. ತಪ್ಪಿನೊಳಗೇ ಮೆಲ್ಲಗೆ ಓವಾದ್ಯಾನ ತಪ್ಪು. ಕೊನೆಗೆ ರೊಟ್ಟಿಯ ವಿಷಯ, ಅದೂ ತಾನು ಬೇಡಿದ ಹಾಗೆ ಕಾಣದಂತೆ, ಅವರೇ ಕೊಟ್ಟ ಹಾಗೆ ಕಾಣುವಂತೆ. ಓವಾದ್ಯಾನ ಅಂಗಳ ಮುಟ್ಟುವಷ್ಟರಲ್ಲಿ ಅದು ಎಷ್ಟು ಚೆನ್ನಾಗಿ ಕೂಡಿಬಂದಿತ್ತೆಂದರೆ, ಅವನೇ ಅದಕ್ಕೆ ತಲೆದೂಗಿದ.

ಅಂಗಳದಲ್ಲಿ ರೂಮಿಯಾ ಒಲೆಯ ಮುಂದೆ ಬಟ್ಟೆಯ ಮೆತ್ತೆ ಹಿಡಿದು ನಿಂತಿದ್ದಳು. ಓವಾದ್ಯಾ ಹಲಗೆಯ ಮೇಲೆ ಬಾಗಿ ನಾದುತ್ತಿದ್ದ. ಅಣ್ಣನನ್ನು ಕಂಡು ತಲೆಯೆತ್ತಿದ. ಅವನ ಮುಖದ ಮೇಲೆ ಏನೇನೋ ಬಂದು ಹೋದವು. ಕೈ ಮಾತ್ರ ನಿಲ್ಲಲಿಲ್ಲ.

ಪಿನ್ಹಾಸ ಗಂಟಲು ಸರಿಮಾಡಿಕೊಂಡ. "ತಮ್ಮಾ ಓವಾದ್ಯಾ, ಒಂದೇ ತಾಯಿಯ ಹಾಲು ಕುಡಿದ—"

"ಭಾವಾ," ಅಂದಳು ರೂಮಿಯಾ, "ಹಿಟ್ಟಿಗೆ ನೀರು ಬಿದ್ದಿದೆ. ಮಾತು ಬೇಡ. ಕೈ ತೊಳ್ಕೊಂಡು ಬನ್ನಿ."

ಪಿನ್ಹಾಸ ಕೈ ತೊಳೆದುಕೊಂಡು ಬಂದ. ಓವಾದ್ಯಾ ಒಂದು ಉಂಡೆ ಹರಿದು ಅಣ್ಣನ ಕೈಗೆ ಹಾಕಿದ. ಇನ್ನು ಕೈ ನಿಲ್ಲಿಸುವಂತಿಲ್ಲ. ಪಿನ್ಹಾಸ ಕೋಟಿನಲ್ಲೇ ಮಂಡಿಯೂರಿ ನಾದಿದ. ಉಂಡೆ ಹದವಾಗುತ್ತಲೇ ರೂಮಿಯಾ ಅದನ್ನು ತೆಗೆದುಕೊಂಡು, ತಟ್ಟಿ, ಮೆತ್ತೆಯ ಮೇಲೆ ಹರಡಿ ಒಲೆಯ ಗೋಡೆಗೆ ಬಡಿದಳು. ಪಿನ್ಹಾಸ ಬಾಯಿ ತೆರೆದ. ಓವಾದ್ಯಾ ಇನ್ನೊಂದು ಉಂಡೆ ಕೊಟ್ಟ. ಸಹೋದರ ಪ್ರೇಮದ ಮಹಿಮೆ ಅಲ್ಲಿಗೆ ಮುಗಿಯಿತು. ಮತ್ತೆ ಬಾಯಿ ತೆರೆದ, ಮತ್ತೆ ಉಂಡೆ. ತಮ್ಮನ ತಪ್ಪು ಹಿಟ್ಟಿನಲ್ಲೇ ಉಳಿಯಿತು.

ಎರಡು ಜೊತೆ ಕೈಗಳು ಒಂದೇ ಹಲಗೆಯ ಮೇಲೆ ಓಡಾಡುತ್ತಿದ್ದವು. ಇಬ್ಬರ ಹೆಬ್ಬೆರಳೂ ಒಂದೇ ರೀತಿ ಹೊರಕ್ಕೆ ಬಾಗಿದ್ದವು, ಅಪ್ಪನ ಹೆಬ್ಬೆರಳಿನ ಹಾಗೆ. ಅದನ್ನು ನೋಡುತ್ತ ಪಿನ್ಹಾಸನಿಗೆ, ನಾನು ಇಷ್ಟು ದಿನ ಯಾರ ಮೇಲೆ ಮುನಿಸಿಕೊಂಡಿದ್ದೆ ಎನಿಸಿತು. ಕಣ್ಣಲ್ಲಿ ನೀರು ಬಂತು.

"ಭಾವಾ, ಆ ಕಡೆ ತಿರುಗಿ," ಅಂದಳು ರೂಮಿಯಾ. "ಹಿಟ್ಟಿಗೆ ನೀರಲ್ಲದೆ ಬೇರೇನೂ ಬೀಳಬಾರದು."

ಪಿನ್ಹಾಸ ಆ ಕಡೆ ತಿರುಗಿ ಅತ್ತ. ಕೈ ಈ ಕಡೆ ನಾದುತ್ತಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಓವಾದ್ಯಾನೂ ಇನ್ನೊಂದು ಕಡೆಗೆ ತಿರುಗಿದ. ಹೆಂಗಸೊಬ್ಬಳು ರೊಟ್ಟಿ ಬಡಿಯುತ್ತಿದ್ದಾಳೆ, ಎರಡು ಗಂಡಸರು ಬೆನ್ನಿಗೆ ಬೆನ್ನು ಮಾಡಿ ಕೈಯನ್ನು ಮಾತ್ರ ಹಲಗೆಯ ಮೇಲೆ ಬಿಟ್ಟಿದ್ದಾರೆ. ಹಾದಿಯಲ್ಲಿ ಹೋಗುವವರು ಏನೆಂದುಕೊಂಡರೋ.

ಕೊನೆಯ ರೊಟ್ಟಿ ಒಲೆಯಿಂದ ಬಂತು. ಬಿಳಿಬಟ್ಟೆಯ ಮೇಲೆ ಮೆತ್ತಗೆ, ಬಿಸಿಯಾಗಿ, ದೊಡ್ಡದೊಂದು ಒಟ್ಟಿಲು. ಮೂವರ ಮನೆಗೆ ಇಷ್ಟು ರೊಟ್ಟಿಯೇ ಎಂದು ಪಿನ್ಹಾಸ ನೋಡಿದ.

"ಇಷ್ಟು ಹಿಟ್ಟು ಯಾರಿಗೆ ತಂದ್ರಿ?" ಎಂದು ಕೇಳಿದ.

"ವರ್ಷಾ ವರ್ಷಾ ಎರಡೂ ಮನೆಗೆ ಅಂತ ತರೋವಷ್ಟೇ," ಅಂದಳು ರೂಮಿಯಾ. "ಕಮ್ಮಿ ಮಾಡು ಅಂದೆ. ನಿಮ್ಮ ತಮ್ಮ ಕೇಳಲಿಲ್ಲ."

ಈಗ ಮಾತಾಡಬಹುದಿತ್ತು. ಒಲೆಯ ಬೆಂಕಿ ಇಳಿದಿತ್ತು, ಹಲಗೆ ಖಾಲಿಯಾಗಿತ್ತು, ತಡೆಯುವವರು ಯಾರೂ ಇರಲಿಲ್ಲ. ಪಿನ್ಹಾಸ ಕೋಟಿನ ಹಿಟ್ಟು ಕೊಡವಿ ನೆಟ್ಟಗೆ ನಿಂತ. ಭಾಷಣದ ಒಂದು ತುದಿಯೂ ನೆನಪಿಗೆ ಬರಲಿಲ್ಲ.

"ರಾತ್ರಿ ಬನ್ನಿ," ಅಂದ. "ನಿಮ್ಮತ್ತಿಗೆ ಕಾಯ್ತಿದ್ದಾಳೆ."

ಅವನ ಜೀವಮಾನದಲ್ಲೇ ಇಷ್ಟು ಚಿಕ್ಕ ಮಾತು ಅವನ ಬಾಯಿಂದ ಬಂದದ್ದಿಲ್ಲ. ರೂಮಿಯಾ ಕೂಡಲೇ, ಯೋನಾಳ ಹೊಸ ಅಂಗಿ ಇಸ್ತ್ರಿ ಮಾಡಬೇಕು ಎನ್ನುತ್ತ ಒಳಗೆ ಹೋದಳು. ಓವಾದ್ಯಾ ರೊಟ್ಟಿಗಳನ್ನು ಎರಡು ಪಾಲು ಮಾಡಿ ಬಟ್ಟೆಯಲ್ಲಿ ಕಟ್ಟಿ ಅಣ್ಣನ ಎದೆಗೆ ಇಟ್ಟ. ಬೇಲಿಯವರೆಗೆ ಬಿಟ್ಟುಬರುತ್ತೇನೆ ಎಂದು ಜೊತೆಗೆ ಹೊರಟ.

ಪಿನ್ಹಾಸ ಒಂದು ವಿಷಯ ಮರೆತಿದ್ದ. ಓವಾದ್ಯಾ ಅವನ ತಮ್ಮ. ಒಂದೇ ತಾಯಿಯ ಹಾಲು ಕುಡಿದವನು. ಇಡೀ ವರ್ಷ ಮಾತಿಲ್ಲದೆ ಕೂತವನು.

"ಅಣ್ಣಾ, ನಾನು ಆ ದಿನ ಹಾಗಂದೆನಲ್ಲ," ಎಂದು ಶುರುಮಾಡಿದ ಓವಾದ್ಯಾ ಬೇಲಿಯ ಹತ್ತಿರ ನಿಂತು, "ಯಾಕೆ ಅಂದೆ ಅನ್ನೋದನ್ನ ನೀನು ಮೊದಲಿಂದ ಕೇಳಬೇಕು." ಮೊದಲಿಂದ ಎಂದರೆ ನಿಜವಾಗಿಯೂ ಮೊದಲಿಂದ. ಚಿಕ್ಕಂದಿನಲ್ಲಿ ಅಣ್ಣ ಹೊತ್ತುಕೊಂಡು ಹೋಗುತ್ತಿದ್ದದ್ದು, ದಾರಿಯಲ್ಲಿ ಬೀಳಿಸಿದ್ದು, ಬೀಳಿಸಿ ಅಮ್ಮನಿಗೆ ಸುಳ್ಳು ಹೇಳಿದ್ದು. ಅಲ್ಲಿಂದ ಬರುತ್ತ ಬರುತ್ತ, ವರ್ಷವಿಡೀ ಪ್ರತಿ ಸಬ್ಬತ್ತಿನ ಸಂಜೆ ಬೇಲಿಯ ತನಕ ಬಂದು ವಾಪಸು ಹೋದದ್ದು. ಒಂದೊಂದು ಸಲವೂ ಯಾಕೆ ವಾಪಸು ಹೋದ ಎಂಬುದು, ಒಂದೊಂದಾಗಿ.

ಹೊತ್ತು ಇಳಿಯುತ್ತಿತ್ತು. ಆಚೆ ಬಾಗಿಲಲ್ಲಿ ಬದ್ರಾ, ದೀಪ ಹಚ್ಚುವ ಹೊತ್ತಾಯಿತು ಎಂದು ಕೈಸನ್ನೆ ಮಾಡುತ್ತಿದ್ದಳು. ಆಮೇಲೆ ಯಾರು ಮಾತಾಡುತ್ತಿದ್ದಾರೆ, ಯಾರು ಕೇಳುತ್ತಿದ್ದಾರೆ ಎಂಬುದು ಅವಳಿಗೆ ಕಂಡಿತು. ಕೈ ಕೆಳಗಿಳಿಸಿ, ಬಾಗಿಲ ಚೌಕಟ್ಟಿಗೆ ಒರಗಿ, ನೋಡುತ್ತ ನಿಂತಳು. ಪಿನ್ಹಾಸನ ಬೆನ್ನು ನಿಜವಾಗಿಯೂ ನೋಯತೊಡಗಿತ್ತು. ಎದೆಯ ಮೇಲೆ ರೊಟ್ಟಿಯ ಬಿಸಿ. ಬೇರೆಯವರ ಮಾತು ಕೇಳುತ್ತ ನಿಲ್ಲುವುದು ಕಪಾಟು ಎತ್ತುವುದಕ್ಕಿಂತ ಭಾರ ಎಂದು ಅವನಿಗೆ ಆವತ್ತೇ ಗೊತ್ತಾದದ್ದು.

"ಸರಿ ಓವಾದ್ಯಾ, ನಾನೂ ಒಂದು ಮಾತು—" ಎಂದ.

"ಇರಣ್ಣಾ," ಅಂದ ಓವಾದ್ಯಾ ಅವನ ತೋಳು ಹಿಡಿದು, "ನಾನಿನ್ನೂ ಮುಗಿಸಿಲ್ಲ."